ಘಾಟಿ ಹತ್ತುವಾಗ ಕುದಿಯುವ ಜೀಪು

ಮೂಡಿಗೆರೆ
ಮಾರ್ಚ್ ಎರಡನೇ ವಾರ

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಅತ್ತೆ ಕಣದ ತುಂಬ ಮೆಣಸು ಹರವಿಕೊಂಡಿದ್ದಾಳೆ, ಮೋಡ ಕಂಡರೆ ಸಾಕು ಟಾರ್ಪಾಲು ಹಿಡಿದು ಓಡುತ್ತಾಳೆ. ಮೊನ್ನೆ ನೀನು ಫೋನ್ ಮಾಡಿದಾಗ ಸಿಗ್ನಲ್ ಕಟ್ಟಾಗಿ ಕಟ್ಟಾಗಿ ಅರ್ಧ ಮಾತು ನನಗೆ ಕೇಳಲಿಲ್ಲ, ನನ್ನ ಅರ್ಧ ಮಾತು ನಿನಗೆ ಕೇಳಿರಲಿಕ್ಕಿಲ್ಲ. ಹಾಗಾಗಿ ಬರೆದೇ ಕಳಿಸುತ್ತಿದ್ದೇನೆ. ಓದಿಯಾದ ಮೇಲೆ ಜೀಪಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇಟ್ಟುಕೋ.

ಉಜಿರೆಯಿಂದ ಗೊಬ್ಬರದ ಚೀಲ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು ಅಂದೆ. ನೋಡಿದ ಮೆಕ್ಯಾನಿಕ್ ‘ಸದ್ಯಕ್ಕೆ ಥರ್ಮೋಸ್ಟಾಟ್ ಕಿತ್ತು ಬಿಸಾಕೋಣ, ಮುಂದೆ ಇಂಜಿನ್ ಇಳಿಸಲೇಬೇಕು’ ಎಂದನಂತೆ. ಪುಟ್ಟಿ, ಈ ಎರಡರಲ್ಲಿ ಒಂದನ್ನೂ ಈಗ ಮಾಡಿಸಬೇಡ. ಇಂಜಿನ್ ಇಳಿಸುವ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ, ಬೇಕಾದರೆ ಕೊನೆಗೆ ಮಾಡಿಸಿದರಾಯಿತು. ಥರ್ಮೋಸ್ಟಾಟ್ ಕಿತ್ತರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಭಾವ ಹೋದಮೇಲೆ ಆ ಜೀಪು ಶೆಡ್ಡಿನಲ್ಲೇ ನಿಂತಿತ್ತು. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ. ರಬ್ಬರ್ ಗಟ್ಟಿಯಾಗುತ್ತದೆ, ರೇಡಿಯೇಟರಿನ ಹಳೆಯ ನೀರು ತುಕ್ಕು ಕಟ್ಟಿಸುತ್ತದೆ, ಬ್ರೇಕಿನ ಪಿಸ್ಟನ್ನುಗಳು ಕಚ್ಚಿಕೊಳ್ಳುತ್ತವೆ, ಜೇಡವೂ ಕಣಜವೂ ಸಿಕ್ಕಿದ ಪೈಪಿನಲ್ಲೆಲ್ಲ ಗೂಡು ಮಾಡುತ್ತವೆ. ನೀನು ಅದನ್ನು ಮಾರದೆ ಮತ್ತೆ ರಸ್ತೆಗೆ ಇಳಿಸಿದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಅಕ್ಕನಿಗೆ ಗೊತ್ತು. ಮಳೆಗಾಲದಲ್ಲಿ ನಿಮ್ಮ ತೋಟದ ರಸ್ತೆಯಲ್ಲಿ ಬೇರೆ ಯಾವ ಗಾಡಿಯೂ ಹತ್ತುವುದಿಲ್ಲ. ಆಸ್ಪತ್ರೆಗೂ ಅದೇ, ಗೊಬ್ಬರಕ್ಕೂ ಅದೇ. ಅದಕ್ಕೇ ಅದು ದಾರಿಯಲ್ಲಿ ನಿನ್ನ ಕೈ ಬಿಡಬಾರದು.

ನಿಮ್ಮದು ಎಂಎಂ 540. 1947ರಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದರಲ್ಲ, ಆ ವಂಶದ್ದೇ. ಇಂಜಿನ್ ಮಾತ್ರ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಡೀಸೆಲ್, ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, ಒಂದೊಂದರ ಬೋರ್ 90 ಮಿಲಿಮೀಟರ್, ಒಟ್ಟು 2112 ಸಿಸಿ. ಗಟ್ಟಿ ಇಂಜಿನ್ನು, ಆದರೆ ಅದರ ಹೆಡ್ ಅಲ್ಯುಮಿನಿಯಂ. ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಕೂತ ಅಲ್ಯುಮಿನಿಯಂ ಹೆಡ್ಡು ಅತಿ ಬಿಸಿಯನ್ನು ಸಹಿಸುವುದಿಲ್ಲ, ಸೊಟ್ಟಗಾಗುತ್ತದೆ. ಒಮ್ಮೆ ಸೊಟ್ಟಗಾದರೆ ಗ್ಯಾಸ್ಕೆಟ್, ಲೇತ್, ಫೇಸಿಂಗ್ ಎಂದು ಖರ್ಚು ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ‘ಸ್ವಲ್ಪ ಹೀಟ್ ಆದರೂ ಮನೆ ಮುಟ್ಟಿಸುತ್ತೇನೆ’ ಎನ್ನುವ ಧೈರ್ಯ ಈ ಗಾಡಿಯಲ್ಲಿ ಬೇಡ.

ಈಗ ಮುಖ್ಯವಾದ ಮಾತು. ಗಾಡಿ ಹೀಟ್ ಆಗುತ್ತದೆ ಅಂದರೆ ನನ್ನ ಮೊದಲ ಪ್ರಶ್ನೆ ಒಂದೇ: ಯಾವಾಗ? ಸ್ಪಾನರ್ ಕೈಗೆ ತಗೊಳ್ಳುವ ಮೊದಲು ಇದಕ್ಕೆ ಉತ್ತರ ಬೇಕು. ಕೊಟ್ಟಿಗೆಹಾರದ ಪೇಟೆಯಲ್ಲಿ ನಿಂತಲ್ಲೇ ನಿಂತು ಡೆಡ್ ಸ್ಲೋದಲ್ಲಿ ಓಡುವಾಗ ಮುಳ್ಳು ಏರಿ, ರಸ್ತೆಗೆ ಬಿದ್ದು ಗಾಳಿ ಹೊಡೆದ ಮೇಲೆ ಇಳಿಯುತ್ತದೆಯೋ? ಹಾಗಾದರೆ ಗಾಳಿಯ ಕೊರತೆ: ಫ್ಯಾನ್, ಬೆಲ್ಟ್, ರೇಡಿಯೇಟರ್ ಮುಂದಿನ ಕಸ ನೋಡಬೇಕು. ನಿಂತಾಗ ಸರಿಯಿದ್ದು, ಘಾಟಿಯಲ್ಲಿ ಅಥವಾ ನೇರ ರಸ್ತೆಯಲ್ಲಿ ಸ್ಪೀಡಾಗಿ ಹೋದಾಗ ಮಾತ್ರ ಏರುತ್ತದೆಯೋ? ಹಾಗಾದರೆ ನೀರಿನ ಹರಿವು ಸಾಲುತ್ತಿಲ್ಲ, ಇಲ್ಲವೇ ಇಂಜಿನ್ ಅತಿಯಾಗಿ ದುಡಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇಟು ದಾಟುವಷ್ಟರಲ್ಲಿ ಏರಿಬಿಟ್ಟಿತೋ? ನೀರೇ ಇಲ್ಲ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್. ಇನ್ನು ಇಂಜಿನ್ ಮುಟ್ಟಿದರೆ ಬೆಚ್ಚಗೂ ಇಲ್ಲ, ಮುಳ್ಳು ಮಾತ್ರ ಕೆಂಪಿನಲ್ಲಿದೆ ಎಂದಾದರೆ ವಯರಿಂಗ್ ನೋಡು. ಹಳೇ ಜೀಪುಗಳಲ್ಲಿ ಅರ್ಥಿಂಗ್ ಬಿಟ್ಟುಹೋಗುವುದು ಬಹಳ ಸಾಮಾನ್ಯ. ಟೆಂಪರೇಚರ್ ಮುಳ್ಳೂ ಡೀಸೆಲ್ ಮುಳ್ಳೂ ಒಟ್ಟಿಗೇ ಕುಣಿದರೆ ದೋಷ ಖಂಡಿತ ವಯರಿನದೇ.

ಮುಳ್ಳಿನ ವಿಚಾರದಲ್ಲಿ ಇನ್ನೊಂದು ಇದೆ, ಇದನ್ನು ಮರೆಯಬೇಡ. ಮೀಟರಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಪೈಪ್ ಒಡೆದು ನೀರೆಲ್ಲ ಸುರಿದುಹೋದರೆ ಅದು ಬರೀ ಹಬೆಯಲ್ಲಿ ನಿಂತಿರುತ್ತದೆ, ಆಗ ಮುಳ್ಳು ಏರುವ ಬದಲು ಇಳಿಯಬಹುದು. ಏರಿದ್ದ ಮುಳ್ಳು ಘಾಟಿಯ ಮಧ್ಯೆ ಸುಮ್ಮನೆ ಕೆಳಗಿಳಿದರೆ ನೆಮ್ಮದಿ ಪಡಬೇಡ. ಕೂಡಲೇ ಬದಿಗೆ ತೆಗೆದು ಇಂಜಿನ್ ಆಫ್ ಮಾಡು.

ನಿನ್ನ ವಿಷಯದಲ್ಲಿ ಪೇಟೆಯಲ್ಲಿ ಏನೂ ಇಲ್ಲ, ಘಾಟಿಯಲ್ಲಿ ಮಾತ್ರ ಎಂದಿದ್ದೀಯ. ಹಾಗಾಗಿ ನನ್ನ ಸಂಶಯ ರೇಡಿಯೇಟರ್ ಮೇಲೆ. ಆದರೂ ಒಂದು ಕಡೆಯಿಂದ ನೋಡುತ್ತಾ ಬಾ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಆಮೇಲೆ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಕ್ಯಾಪ್ ತೆಗೆ. ಬಿಸಿಯಿದ್ದಾಗ ಅದನ್ನು ಮುಟ್ಟಲೇಬಾರದು, ಗೋಣಿಚೀಲ ಹಾಕಿಕೊಂಡೂ ಬೇಡ. ಒಳಗಿನ ನೀರು ನೂರು ಡಿಗ್ರಿ ದಾಟಿಯೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಅಷ್ಟೂ ಹಬೆಯಾಗಿ ಮುಖಕ್ಕೇ ಬರುತ್ತದೆ. ಹಾಗೆ ಮುಖ ಕೈ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕ್ಯಾಪು ಬರೀ ಮುಚ್ಚಳ ಅಲ್ಲ. ನಮ್ಮ ಪ್ರೆಶರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. 7 ಪಿಎಸ್‌ಐ ತಡೆಯುವ ಕ್ಯಾಪ್ ಇದ್ದರೆ ಬರೀ ನೀರೂ ಸಮುದ್ರಮಟ್ಟದಲ್ಲಿ ಸುಮಾರು 111 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಆ ಹನ್ನೊಂದು ಡಿಗ್ರಿ ಪೂರ್ತಿ ಕೈಬಿಟ್ಟ ಹಾಗೆ. ಮೇಲಿಂದ ನಾವಿರುವುದು ಎತ್ತರದಲ್ಲಿ. ಸಾವಿರ ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಮುಳ್ಳಯ್ಯನಗಿರಿಯ 1,930 ಮೀಟರಿನಲ್ಲಿ 94ಕ್ಕೂ ಮೊದಲೇ. ಮಂಗಳೂರಿನಲ್ಲಿ ತೊಂದರೆ ಕೊಡದ ಹಳೇ ಕ್ಯಾಪ್ ಮಲೆನಾಡಿನಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಕ್ಯಾಪನ್ನು ತಿರುಗಿಸಿ ನೋಡು: ಸುತ್ತಲಿನ ರಬ್ಬರ್ ಮೆತ್ತಗಿರಬೇಕು, ನಡುವಿನ ಪುಟ್ಟ ವಾಲ್ವು ಉಗುರಿನಿಂದ ಎಳೆದರೆ ಎದ್ದು ಬಿಟ್ಟರೆ ಕೂರಬೇಕು. ಆ ಪುಟ್ಟ ವಾಲ್ವು ಕಚ್ಚಿಕೊಂಡಿದ್ದರೆ ಗಾಡಿ ತಣ್ಣಗಾದ ಮೇಲೆ ಮೇಲಿನ ಪೈಪ್ ಚಪ್ಪಟೆಯಾಗಿರುತ್ತದೆ. ಹೊಸ ಕ್ಯಾಪ್ ತರುವಾಗ ಹಳೆಯದರ ಮೇಲೆ ಎಷ್ಟು ಎಂದು ಬರೆದಿದೆಯೋ ಅಷ್ಟರದ್ದೇ ತಾ. ‘ಇದು ಜಾಸ್ತಿ ಪ್ರೆಶರಿನದು, ಇನ್ನೂ ಒಳ್ಳೇದು’ ಎಂದು ಅಂಗಡಿಯವನು ಕೊಟ್ಟರೆ ಬೇಡ ಅನ್ನು. ಹಳೇ ರೇಡಿಯೇಟರಿನ ಬೆಸುಗೆ ಅಷ್ಟು ಒತ್ತಡ ತಡೆಯದೆ ಬಿಟ್ಟುಕೊಳ್ಳುತ್ತದೆ.

ಈಗ ನೀರಿನ ಬಣ್ಣ ನೋಡು. ಹಸಿರೋ ಕೆಂಪೋ ಸ್ವಚ್ಛ ಕೂಲೆಂಟ್ ಇದ್ದರೆ ಸಂತೋಷ. ಕೆಮ್ಮಣ್ಣು ಕಲಸಿದ ಹಾಗಿದ್ದರೆ ಒಳಗೆ ತುಕ್ಕು. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಆಗ ಮಾತ್ರ ಹೆದರಬೇಕು. ಕ್ಯಾಪಿನ ಬಾಯಿಯಿಂದ ಟಾರ್ಚ್ ಬಿಟ್ಟು ಒಳಗಿನ ಕೊಳವೆಗಳ ಬಾಯಿ ನೋಡು. ಸುಣ್ಣದ ಹಾಗೆ ಬಿಳಿ ಹಕ್ಕಳೆ ಕಟ್ಟಿದ್ದರೆ ಯಾರೋ ಬೋರ್‌ವೆಲ್ ನೀರು ಹಾಕಿದ್ದಾರೆ ಎಂದರ್ಥ.

ಹೊರಗಡೆಯದ್ದು ಇದಕ್ಕಿಂತ ಮುಖ್ಯ. ಗ್ರಿಲ್ಲಿನ ಹಿಂದೆ ರೇಡಿಯೇಟರಿನ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಬೀಜ, ಕೆಸರು, ರೆಕ್ಕೆಹುಳುಗಳು ಒತ್ತಾಗಿ ಕೂತಿರುತ್ತವೆ. ಎದುರಿನಿಂದ ನೋಡಿದರೆ ಚೊಕ್ಕಟವಾಗಿಯೇ ಕಾಣುತ್ತದೆ. ಇಂಜಿನ್ ಬದಿಯಿಂದ ಟಾರ್ಚ್ ಹಿಡಿದು, ಮುಂದಿನಿಂದ ನೋಡು. ಬೆಳಕು ಎಲ್ಲಿ ದಾಟಿ ಬರುವುದಿಲ್ಲವೋ ಅಲ್ಲಿ ಗಾಳಿಯೂ ದಾಟುವುದಿಲ್ಲ. ತೊಳೆಯುವುದಾದರೆ ಇಂಜಿನ್ ಬದಿಯಿಂದ ಹೊರಕ್ಕೆ, ತೋಟದ ಪೈಪಿನ ಸಾಧಾರಣ ನೀರಿನಲ್ಲಿ, ತಾಳ್ಮೆಯಿಂದ ತೊಳೆ. ಸರ್ವಿಸ್ ಸ್ಟೇಷನ್ನಿನ ಜೋರು ಗನ್ ಹಿಡಿದರೆ ತೆಳ್ಳಗಿನ ರೆಕ್ಕೆಗಳೆಲ್ಲ ಮಡಚಿ ಗೋಡೆಯಾಗುತ್ತವೆ, ರೇಡಿಯೇಟರ್ ಕಥೆ ಅಲ್ಲಿಗೇ ಮುಗಿಯಿತು.

ಗಾಡಿ ನಿಂತಲ್ಲೇ ಓಡುತ್ತಿರುವಾಗ ದಿನಪತ್ರಿಕೆಯ ಒಂದು ಹಾಳೆಯನ್ನು ಗ್ರಿಲ್ಲಿನ ಮುಂದೆ ಹಿಡಿದು ಕೈ ಬಿಡು. ಹಾಳೆ ಗ್ರಿಲ್ಲಿಗೆ ಅಂಟಿ ನಿಲ್ಲಬೇಕು. ಜಾರಿ ಬಿದ್ದರೆ ಫ್ಯಾನ್ ಗಾಳಿ ಎಳೆಯುತ್ತಿಲ್ಲ. ಬೆಲ್ಟ್ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಾಗಬೇಕು. ಒಳಬದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಜಾರುತ್ತಲೇ ಇರುತ್ತದೆ, ಬದಲಾಯಿಸಿಬಿಡು. ಫ್ಯಾನಿನ ಸುತ್ತ ಇರಬೇಕಾದ ತಗಡಿನ ಕವಚ ನಿಮ್ಮ ಜೀಪಿನಲ್ಲಿದೆಯೇ ನೋಡು. ರಿಪೇರಿಗೆ ಅಡ್ಡವೆಂದು ಕಿತ್ತು ಮೂಲೆಗೆ ಎಸೆದಿರುವುದು ಎಷ್ಟೋ ಹಳೇ ಜೀಪುಗಳಲ್ಲಿ ಕಂಡುಬರುತ್ತದೆ. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನಿಂದ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ನೀರಿನ ಹನಿ ಅಥವಾ ಒಣಗಿದ ಕಲೆ ಕಂಡರೆ ಒಳಗಿನ ಸೀಲ್ ಹೋಗಿದೆ. ಯಾರಾದರೂ ಆ ತೂತಿಗೆ ಎಂ-ಸೀಲ್ ಮೆತ್ತಲು ಬಂದರೆ ಬಿಡಬೇಡ, ಸೋರಿದ ನೀರು ಬೇರಿಂಗಿಗೆ ನುಗ್ಗಿ ಪಂಪೇ ಹೋಗುತ್ತದೆ. ಫ್ಯಾನ್ ಬ್ಲೇಡ್ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡು, ಆಡಿದರೆ ಬೇರಿಂಗ್ ಮುಗಿದಿದೆ. ಬೇರಿಂಗ್ ಒಡೆದರೆ ಫ್ಯಾನು ಸೀದಾ ರೇಡಿಯೇಟರಿಗೇ ನುಗ್ಗುತ್ತದೆ.

ಕೆಳಗಿನ ಹೋಸ್ ಪೈಪನ್ನು ಯಾರೂ ಗಮನಿಸುವುದಿಲ್ಲ. ಪಂಪು ನೀರನ್ನು ಹೀರುವುದು ಆ ಪೈಪಿನಿಂದ. ಹಳೆಯದಾಗಿ ಮೆತ್ತಗಾದರೆ ಆಕ್ಸಿಲೇಟರ್ ಒತ್ತಿದಾಗ ಅದು ಒಳಗೆಳೆದುಕೊಂಡು ಚಪ್ಪಟೆಯಾಗುತ್ತದೆ, ನೀರಿನ ದಾರಿ ಮುಚ್ಚುತ್ತದೆ. ಡೆಡ್ ಸ್ಲೋದಲ್ಲಿ ಮತ್ತೆ ಉಬ್ಬಿ ಸರಿಯಾಗುತ್ತದೆ, ಹಾಗಾಗಿ ಗ್ಯಾರೇಜಿನಲ್ಲಿ ನಿಲ್ಲಿಸಿದಾಗ ಏನೂ ಕಾಣದು. ಪೇಟೆಯಲ್ಲಿ ಸರಿ, ಘಾಟಿಯಲ್ಲಿ ಹೀಟ್ ಎಂಬ ನಿನ್ನ ದೂರಿಗೆ ಇದೂ ಹೊಂದುತ್ತದೆ. ಯಾರಾದರೂ ಒಬ್ಬರು ಆಕ್ಸಿಲೇಟರ್ ಒತ್ತಲಿ, ನೀನು ಟಾರ್ಚ್ ಬಿಟ್ಟು ಪೈಪ್ ನೋಡುತ್ತಿರು. ಸೀರೆ ದುಪಟ್ಟಾ ಫ್ಯಾನಿಗೆ ಸಿಗದ ಹಾಗೆ ಬಿಗಿಯಾಗಿ ಸಿಕ್ಕಿಸಿಕೊ, ಜಡೆಯನ್ನೂ.

ಇಷ್ಟರಲ್ಲಿ ಏನೂ ಸಿಗದಿದ್ದರೆ ನೀರು ಪೂರ್ತಿ ಬಸಿದು ತೊಳೆಯಬೇಕು. ರೇಡಿಯೇಟರಿನ ಕೆಳಗಿನ ನಲ್ಲಿ ಬಿಟ್ಟು ನೀರು ಹೋಯಿತೆಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಇಂಜಿನ್ ಬ್ಲಾಕಿನ ಬದಿಯಲ್ಲೂ ಒಂದು ಡ್ರೈನ್ ಪ್ಲಗ್ ಇದೆ. ಅದನ್ನು ಬಿಚ್ಚಿದರೂ ನಿನ್ನ ಗಾಡಿಯಲ್ಲಿ ಮೊದಲಿಗೆ ಒಂದು ಹನಿಯೂ ಬಾರದು ಎಂದು ನಾನು ಈಗಲೇ ಹೇಳಬಲ್ಲೆ. ಗಟ್ಟಿ ತಂತಿ ತೂರಿಸಿ ಕೆದಕು. ಮೊದಲು ಕಪ್ಪು ಕಂದು ಬಣ್ಣದ ಕೆಸರು ಹುಳದ ಹಾಗೆ ಹೊರಳಿ ಬರುತ್ತದೆ, ಆಮೇಲೆ ಒಮ್ಮೆಲೇ ತುಕ್ಕುನೀರು ಚಿಮ್ಮುತ್ತದೆ. ಆ ಕೆಸರು ಅಷ್ಟು ದಿನ ಸಿಲಿಂಡರುಗಳ ಬುಡದಲ್ಲಿ ಕೂತು ಶಾಖವನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಂಡಿತ್ತು. ನೀರು ತಿಳಿಯಾಗುವ ತನಕ ಪೈಪ್ ಹಿಡಿ, ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ ಉಲ್ಟಾ ಹಿಡಿ. ಹಾಗೂ ಬಿಡದಿದ್ದರೆ ರೇಡಿಯೇಟರ್ ಅಂಗಡಿಗೆ ಕೊಟ್ಟು ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ ಕೊಳವೆಗಳಿಗೆ ರಾಡ್ ಹಾಕಿಸಬೇಕು. ಹಿತ್ತಾಳೆ ತಾಮ್ರದ ಹಳೇ ರೇಡಿಯೇಟರಿನ ದೊಡ್ಡ ಗುಣವೇ ಇದು, ಬಿಚ್ಚಬಹುದು, ಬೆಸೆಯಬಹುದು. ಅದನ್ನು ಗುಜರಿಗೆ ಹಾಕಿ ಅಗ್ಗದ್ದೊಂದು ಕೂರಿಸಲು ಯಾರು ಹೇಳಿದರೂ ಒಪ್ಪಬೇಡ.

ತುಂಬುವಾಗ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಕ್ಯಾನಿನ ಮೇಲೆ ‘ರೆಡಿ ಮಿಕ್ಸ್’ ಎಂದಿದ್ದರೆ ನೀರು ಬೆರೆಸಬಾರದು. ಕೂಲೆಂಟ್ ಇರುವುದು ಚಳಿ ದೇಶದವರಿಗೆ ಮಾತ್ರ ಎಂದು ಇಲ್ಲಿ ಕೆಲವರು ವಾದಿಸುತ್ತಾರೆ. ನಮಗೆ ಅದು ಬೇಕಿರುವುದು ತುಕ್ಕು ತಡೆಯಲಿಕ್ಕೆ, ಕುದಿಯುವ ಬಿಂದು ಏರಿಸಲಿಕ್ಕೆ. ಹಳೇ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡ. ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಅವುಗಳ ಕಿಡ್ನಿ ಹೋಗಲು. ನಿಮ್ಮ ಮನೆಯ ನಾಯಿಗಳು ಜೀಪಿನ ಅಡಿಯಲ್ಲೇ ಮಲಗುವುದು ನೆನಪಿರಲಿ.

ಥರ್ಮೋಸ್ಟಾಟಿಗೆ ಬರುತ್ತೇನೆ. ಅದರೊಳಗೆ ಮೇಣ ಇರುತ್ತದೆ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಎಷ್ಟು ಡಿಗ್ರಿಗೆ ಎಂಬುದನ್ನು ಅದರ ಮೇಲೇ ಕೊರೆದಿರುತ್ತಾರೆ, 82 ಎಂದು ಹೆಚ್ಚಾಗಿ ಕಾಣುತ್ತದೆ. ಕೆಟ್ಟಿದೆಯೋ ಇಲ್ಲವೋ ಎಂದು ಊಹೆ ಮಾಡುವ ಅಗತ್ಯವೇ ಇಲ್ಲ. ಬಿಚ್ಚಿ ತಂದು ಹಳೇ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಡು, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಟ್ಟು ಒಲೆ ಹಚ್ಚು. ಎಂಬತ್ತು ದಾಟುತ್ತಿದ್ದಂತೆ ನಡುವಿನ ತಟ್ಟೆ ಕೂದಲೆಳೆಯಷ್ಟು ಏಳುತ್ತದೆ, ಇನ್ನೊಂದು ಹತ್ತು ಹನ್ನೆರಡು ಡಿಗ್ರಿಗೆ ಪೂರ್ತಿ ತೆರೆಯುತ್ತದೆ. ನೀರು ಕುದಿಯಲು ಬಂದರೂ ಅಲುಗದಿದ್ದರೆ ಹೊಸದು ತಾ. ಅಷ್ಟೇ ಕೆಲಸ. ಗಾಡಿಯಲ್ಲೇ ಒಂದು ಸುಳಿವು ಸಿಗುತ್ತದೆ: ಇಂಜಿನ್ ಸುಡುತ್ತಿದ್ದು ಮೇಲಿನ ಹೋಸ್ ಪೈಪ್ ಇನ್ನೂ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ.

ಕಿತ್ತು ಬಿಸಾಕಿದರೆ ಏನು? ಡೀಸೆಲ್ ಇಂಜಿನ್ನಿಗೆ ತಕ್ಕಮಟ್ಟಿಗೆ ಬಿಸಿ ಬೇಕು. ನಮ್ಮ ಹವೆಯಲ್ಲಿ, ಅದೂ ಘಾಟಿ ಇಳಿಯುವಾಗ, ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೆಚ್ಚಗಾಗುವುದೇ ಇಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ, ಮೈಲೇಜ್ ಬೀಳುತ್ತದೆ. ಇಷ್ಟಾಗಿಯೂ ರೇಡಿಯೇಟರ್ ಕಟ್ಟಿದ್ದರೆ ಘಾಟಿಯಲ್ಲಿ ಹೀಟ್ ಆಗುವುದು ನಿಲ್ಲುವುದಿಲ್ಲ. ಮೂಲ ಕಾಯಿಲೆ ಹಾಗೇ ಉಳಿದು ಹೊಸದೊಂದು ಸೇರಿತು, ಅಷ್ಟೇ.

ಹೆಡ್ ಗ್ಯಾಸ್ಕೆಟ್ ಪರೀಕ್ಷೆಯನ್ನು ನೀನೇ ಮಾಡಬಹುದು. ತಣ್ಣಗಿನ ಇಂಜಿನ್, ಕ್ಯಾಪ್ ತೆಗೆದು ನೀರು ಬಾಯಿಮಟ್ಟ ತುಂಬು. ಸ್ಟಾರ್ಟ್ ಮಾಡಿಸಿ ನೀರನ್ನೇ ನೋಡುತ್ತಿರು. ಮೊದಲು ಒಂದೆರಡು ಗುಳ್ಳೆ ಬಂದರೆ ಅದು ಒಳಗೆ ಸಿಕ್ಕಿದ್ದ ಗಾಳಿ. ನಿಲ್ಲದೆ ಗುಳುಗುಳು ಬರುತ್ತಲೇ ಇದ್ದು, ಆಕ್ಸಿಲೇಟರ್ ಒತ್ತಿದಷ್ಟೂ ಹೆಚ್ಚಾದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಕ್ಯಾಪ್ ಹಾಕಿದಾಗ, ಇನ್ನೂ ಇಂಜಿನ್ ಬೆಚ್ಚಗಾಗುವ ಮೊದಲೇ ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾದರೂ ಅದೇ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಒಂದು ಮೀಟರ್ ಕೂಡ ಓಡಿಸಬೇಡ. ಇವು ಯಾವುದೂ ಇಲ್ಲದಿದ್ದರೆ ಹೆಡ್ ಇಳಿಸಬೇಕು ಎನ್ನುವವರ ಮಾತಿಗೆ ಆಧಾರವಿಲ್ಲ. ಇದ್ದರೆ ನನಗೆ ಹೇಳು. ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಟಾರ್ಕ್ ರೆಂಚಿನಲ್ಲೇ ಬಿಗಿಯುವವರ ಹತ್ತಿರ ಮಾಡಿಸೋಣ.

ರೇಡಿಯೇಟರ್ ಸರಿಯಿದ್ದೂ ಹೀಟ್ ಆಗಬಹುದು, ಇಂಜಿನ್ನಿಗೆ ಸುಮ್ಮನೆ ಹೊರೆ ಬಿದ್ದರೆ. ನಿಂತ ಗಾಡಿ ಅಂದೆನಲ್ಲ, ನಿನ್ನ ಬ್ರೇಕ್ ನನಗೆ ಸಂಶಯ. ಬ್ರೇಕ್ ಹೆಚ್ಚು ಮುಟ್ಟದೆ ನಾಲ್ಕೈದು ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ ಓಡಿಸಿ, ಪ್ರತಿ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸು. ಒಂದರಲ್ಲಿ ಮಾತ್ರ ಚುರ್ ಎಂದರೆ ಅಲ್ಲಿ ಬ್ರೇಕ್ ಜಾಮ್ ಆಗಿದೆ. ವೀಲ್ ಸಿಲಿಂಡರಿನ ಪಿಸ್ಟನ್ ಕಚ್ಚಿರಬಹುದು, ಅಥವಾ ರಬ್ಬರ್ ಬ್ರೇಕ್ ಪೈಪ್ ಒಳಗೇ ಊದಿಕೊಂಡು ಆಯಿಲ್ ಹಿಂದಕ್ಕೆ ಬರಲು ಬಿಡುತ್ತಿಲ್ಲದಿರಬಹುದು. ಹೊರಗಿನಿಂದ ನೋಡಿದರೆ ಆ ಪೈಪ್ ಹೊಸದರ ಹಾಗೇ ಇರುತ್ತದೆ. ನಿಂತಿದ್ದ ಗಾಡಿಯಲ್ಲಿ ನಾಲ್ಕೂ ಕಡೆ ರಬ್ಬರ್ ಬದಲಾಯಿಸಿಬಿಡುವುದೇ ಸರಿ, ಇದರಲ್ಲಿ ಕಾಸು ನೋಡಬೇಡ.

ಇನ್ನೊಂದು, ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸುತ್ತಿಲ್ಲ ತಾನೆ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಜಾರಿ ಸರಿಹೊಂದುತ್ತವೆ, ಡಾಂಬರಿನ ಮೇಲೆ ಜಾರಲು ಜಾಗವಿಲ್ಲ, ಆ ಬಿಗಿತವೆಲ್ಲ ಗೇರಿಗೂ ಕ್ರಾಸಿಗೂ ಬೀಳುತ್ತದೆ. ಹೊಗೆ ಕಪ್ಪಗಿದ್ದರೆ ಏರ್ ಫಿಲ್ಟರ್ ನೋಡು. ಪಿಕಪ್ ಬರಲೆಂದು ಯಾರೋ ಡೀಸೆಲ್ ಪಂಪಿನ ಸೆಟ್ಟಿಂಗ್ ಜಾಸ್ತಿ ಮಾಡಿರಲೂಬಹುದು. ಹೆಚ್ಚುವರಿ ಡೀಸೆಲ್ ಶಕ್ತಿಗಿಂತ ಹೊಗೆಯನ್ನೂ ಬಿಸಿಯನ್ನೂ ಹೆಚ್ಚು ಕೊಡುತ್ತದೆ.

ಓಡಿಸುವುದರಲ್ಲೂ ಇದೆ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಇಟ್ಟು ಆಕ್ಸಿಲೇಟರ್ ಪೂರ್ತಿ ತುಳಿದರೆ ಇಂಜಿನ್ ನಿಧಾನ ತಿರುಗುತ್ತಾ ಏದುತ್ತದೆ. ಫ್ಯಾನೂ ಪಂಪೂ ಅದರ ಜೊತೆಗೇ ನಿಧಾನವಾಗುತ್ತವೆ, ಬಿಸಿ ಬೇಕಾದಷ್ಟು, ತಂಪು ಕಡಿಮೆ. ಮೊದಲೇ ಗೇರ್ ಇಳಿಸಿ ಇಂಜಿನ್ನು ಹಗುರಾಗಿ ಚುರುಕಾಗಿ ತಿರುಗುವಂತೆ ಹತ್ತಿಸು. ತೋಟದ ಕಡಿದಾದ ಮಣ್ಣಿನ ಏರಿನಲ್ಲಿ ಸಂಕೋಚವಿಲ್ಲದೆ ಫೋರ್ ವೀಲ್ ಲೋ ಹಾಕು, ಇರುವುದೇ ಅದಕ್ಕೆ.

ಘಾಟಿಯಲ್ಲಿ ಮತ್ತೆ ಹಾಗಾಯಿತೆಂದರೆ: ತಿರುವು ಬಿಟ್ಟು ಹಿಂದಿನ ಗಾಡಿಗಳಿಗೆ ಕಾಣುವ ಜಾಗದಲ್ಲಿ ಬದಿಗೆ ತೆಗೆದು ಚಕ್ರಕ್ಕೆ ಕಲ್ಲು ಕೊಡು, ಹ್ಯಾಂಡ್ ಬ್ರೇಕನ್ನು ಮಾತ್ರ ನಂಬಬೇಡ. ಮುಳ್ಳು ಏರಿದೆ, ಆದರೆ ಹಬೆ ಇಲ್ಲ, ಸೋರಿಕೆ ಇಲ್ಲ, ಬೆಲ್ಟ್ ಇದೆ ಎಂದಾದರೆ ಇಂಜಿನ್ ಆಫ್ ಮಾಡಬೇಡ, ನ್ಯೂಟ್ರಲ್‌ನಲ್ಲಿ ಸ್ವಲ್ಪ ರೇಸಿಟ್ಟು ಓಡಲು ಬಿಡು, ನೀರು ತಿರುಗುತ್ತಾ ತಣ್ಣಗಾಗುತ್ತದೆ. ಹಬೆ ಬಂದಿದ್ದರೆ, ನೀರು ಸುರಿದಿದ್ದರೆ, ಬೆಲ್ಟ್ ತುಂಡಾಗಿದ್ದರೆ ತಕ್ಷಣ ಆಫ್. ಬಾನೆಟ್ ಎತ್ತಿ ದೂರ ಹೋಗಿ ಕೂರು. ಕೈಯಿಟ್ಟರೆ ಮೇಲಿನ ಪೈಪ್ ಮೆತ್ತಗೂ ಬರೀ ಬೆಚ್ಚಗೂ ಆಗುವ ತನಕ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಕ್ಯಾಪ್ ಮುಟ್ಟಬೇಡ. ಸುಡುವ ಇಂಜಿನ್ನಿಗೆ ಝರಿಯ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ. ತಣಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ನೀರನ್ನು ಸಣ್ಣಗೆ ಹೊಯ್ಯುತ್ತಾ ಹೋಗು. ಹತ್ತು ಲೀಟರಿನ ಕ್ಯಾನ್, ಒಂದು ಬೆಲ್ಟ್, ಮೇಲಿನ ಕೆಳಗಿನ ಪೈಪ್, ಕ್ಲಿಪ್ಪುಗಳು ಸೀಟಿನ ಕೆಳಗೆ ಯಾವಾಗಲೂ ಇರಲಿ.

ಉಳಿದ ಸಣ್ಣಪುಟ್ಟ ತೊಂದರೆಗಳನ್ನು ಬೇಗ ಬರೆದುಬಿಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡಿ, ಆದಮೇಲೂ ಬಿಳಿ ಹೊಗೆ ಬಿಟ್ಟು ಮೂರೇ ಸಿಲಿಂಡರಿನಲ್ಲಿ ಕುಂಟಿದರೆ ಹೀಟರ್ ಪ್ಲಗ್ ನೋಡಿಸು. ಈ ಇಂಜಿನ್ನಿಗೆ ಚಳಿಯಲ್ಲಿ ಅವು ಬೇಕೇ ಬೇಕು. ಒಂದೊಂದರ ವಯರ್ ಬಿಡಿಸಿ ಬ್ಯಾಟರಿಯ ಪ್ಲಸ್ಸಿನಿಂದ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ, ದೀಪ ಹತ್ತದ್ದು ಸತ್ತಿದೆ. ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ತಾನಾಗಿ ನಿಂತರೆ ಡೀಸೆಲ್ ಲೈನು ಏರ್ ಹಿಡಿದಿದೆ. ಹಳೇ ರಬ್ಬರ್ ಪೈಪುಗಳನ್ನೂ ತಾಮ್ರದ ವಾಷರುಗಳನ್ನೂ ಬದಲಿಸಿ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯಬೇಕು. ಹೊಳೆ ದಾಟಿದ ಮಾರನೇ ದಿನ ಡಿಫ್ರೆನ್ಶಿಯಲ್ಲಿನ ಡ್ರೈನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸು. ನೀರು ಎಣ್ಣೆಗಿಂತ ಭಾರ, ಒಳಗೆ ಸೇರಿದ್ದರೆ ಮೊದಲು ಅದೇ ಹನಿಯುತ್ತದೆ. ಹೌಸಿಂಗಿನ ಮೇಲಿನ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಎಷ್ಟು ಹೊಸ ಆಯಿಲ್ ಸೀಲ್ ಹಾಕಿದರೂ ಸೋರುತ್ತಲೇ ಇರುತ್ತದೆ.

ಐವತ್ತರ ಹತ್ತಿರ ಸ್ಟೇರಿಂಗ್ ಗಡಗಡ ನಡುಗುತ್ತದೆ ಎಂದೂ ಹೇಳಿದೆ. ಮುಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು. ಪ್ಲೇ ಇದ್ದರೆ ಯಾರಿಗಾದರೂ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸು. ಬ್ರೇಕ್ ತುಳಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಆಗಲೂ ಉಳಿದರೆ ಕಿಂಗ್ ಪಿನ್ ಬೇರಿಂಗ್. ಅದು ಸರಿಯಾಗುವ ತನಕ ನಲವತ್ತರ ಮೇಲೆ ಓಡಿಸಬೇಡ, ಅಮ್ಮನನ್ನು ಕೂರಿಸಿಕೊಂಡು ಪೇಟೆಗೂ ಹೋಗಬೇಡ. ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ನಡುಕ ಮುಚ್ಚುವ ಉಪಾಯವನ್ನು ಕೆಲವರು ಹೇಳುತ್ತಾರೆ. ಸವೆದ ಬೇರಿಂಗ್ ಅದರ ಹಿಂದೆ ಸವೆಯುತ್ತಲೇ ಇರುತ್ತದೆ.

ಈ ವಾರ ಕ್ಯಾಪ್, ಬೆಲ್ಟ್, ಕೆಳಗಿನ ಪೈಪ್, ಗುಳ್ಳೆಯ ಪರೀಕ್ಷೆ, ಬ್ರೇಕ್ ಡ್ರಮ್ಮು, ಇಷ್ಟು ನೋಡಿ ಏನು ಕಂಡಿತೆಂದು ಒಂದು ಚೀಟಿಯಲ್ಲಿ ಬರೆದುಕೋ. ರೇಡಿಯೇಟರ್ ಹೊರಗಿನಿಂದ ತೊಳೆದ ಮೇಲೂ ಘಾಟಿಯಲ್ಲಿ ಮುಳ್ಳು ಏರಿದರೆ ಅದನ್ನು ಬಿಚ್ಚಿಸಬೇಕಾಗುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೂ ಕೈಯಲ್ಲೇ ರಾಡ್ ಹಾಕಿ ಬೆಸುಗೆ ಮಾಡುವವರಿದ್ದಾರೆ, ನಾನೇ ಜೊತೆಗೆ ಬರುತ್ತೇನೆ. ಹೊಸ ಥರ್ಮೋಸ್ಟಾಟೂ ಅದರ ಗ್ಯಾಸ್ಕೆಟ್ಟೂ ನಾನು ತರಿಸಿಡುತ್ತೇನೆ, ನೀನು ತರಬೇಡ. ಹಳೆಯದನ್ನು ಎಸೆಯದೆ ತಾ, ಒಲೆಯ ಮೇಲೆ ಇಬ್ಬರೂ ನೋಡೋಣ.

ಅಕ್ಕನಿಗೆ ನಮಸ್ಕಾರ ತಿಳಿಸು. ಅವಳ ಮಂಡಿನೋವಿನ ಎಣ್ಣೆಯನ್ನು ನಿನ್ನ ಅತ್ತೆ ಕಾಯಿಸಿ ಸೀಸೆಗೆ ತುಂಬಿಟ್ಟಿದ್ದಾಳೆ, ಬಂದಾಗ ತೆಗೆದುಕೊಂಡು ಹೋಗು.

ಇಂತಿ
ನಿನ್ನ ಪ್ರೀತಿಯ ಮಾವ